ಜೋಳವಾಳಿಯ ಪ್ರಶ್ನೆ

ಹಳಗನ್ನಡ ಕಾವ್ಯಗಳನ್ನೂ ವೀರಗಲ್ಲುಗಳ ಶಾಸನಗಳನ್ನೂ ಬಲ್ಲವರಿಗೆ ‘ಜೋಳವಾಳಿ’ ಎಂಬ ಮಾತು ಅಪರಿಚಿತವಲ್ಲ. ಒಡೆಯನ ಜೋಳವನ್ನುಂಡವನು ಆ ಜೋಳದ ಋಣವನ್ನು ರಣರಂಗದಲ್ಲಿ ತೀರಿಸಬೇಕು ಎಂಬುದು ಅದರ ತಾತ್ಪರ್ಯ. ಕುಚ್ಚಲಕ್ಕಿಯ ಗಂಜಿಯುಂಡು ಬೆಳೆದ ನಮ್ಮ ಕಾಸರಗೋಡು ಸೀಮೆಯವರು ಇದನ್ನು ಗಂಜಿಯ ಋಣವೆಂದು ತಿಳಿದುಕೊಂಡರೂ ಅರ್ಥಕ್ಕೆ ಹಾನಿಯಿಲ್ಲ. ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ, ಪಾಂಡವರೇ ನಿನ್ನ ಸೋದರರು, ರಾಜ್ಯವು ನಿನ್ನದಾಗುವುದು ಎಂದಾಗಲೂ ಕರ್ಣನು ದುರ್ಯೋಧನನನ್ನು ಬಿಟ್ಟುಹೋಗಲಿಲ್ಲ. ಧರ್ಮವು ಯಾವ ಪಕ್ಷದಲ್ಲಿದೆ ಎಂಬುದು ಅವನಿಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಉಂಡ ಅನ್ನದ ನೆನಪು ಅದಕ್ಕಿಂತಲೂ ಬಲವಾಗಿತ್ತು. ಪಂಪನ ಕರ್ಣನನ್ನು ಕನ್ನಡಿಗರು ಸಾವಿರ ವರ್ಷಗಳಿಂದ ಹಚ್ಚಿಕೊಂಡಿರುವುದು ಬಹುಶಃ ಇದೇ ಕಾರಣದಿಂದ.

ಆದರೆ ಕರ್ಣನ ಲೆಕ್ಕವು ಒಂದು ರೀತಿಯಲ್ಲಿ ಸುಲಭದ ಲೆಕ್ಕ. ಅನ್ನವಿತ್ತವನು ಒಬ್ಬನೇ, ಅವನ ಹೆಸರು ದುರ್ಯೋಧನ. ಇಂದಿನ ದಿನಗಳಲ್ಲಿ ಸಾರ್ವಜನಿಕ ಜೀವನಕ್ಕಿಳಿದ ಮನುಷ್ಯನಿಗೆ ಅನ್ನವಿಕ್ಕಿದವರು ಯಾರೆಂದು ಹೇಳುವುದೇ ಕಷ್ಟ. ಅವರಲ್ಲಿಯೂ ಕಾರ್ಮಿಕ ಸಂಘದಿಂದ ರಾಜಕಾರಣಕ್ಕೆ ಹೋದವನ ಸ್ಥಿತಿ ವಿಶೇಷ ತೊಡಕಿನದು. ಮೊದಲು ಅವನು ಉಂಡದ್ದು ಕೂಲಿಯವನ ವಂತಿಗೆಯನ್ನು. ಮಂತ್ರಿಯಾದ ಮೇಲೆ ಅವನಿಗೆ ಇಡೀ ದೇಶದ ಬೊಕ್ಕಸದಿಂದ ಸಂಬಳ ಬರುವುದು. ಆ ಬೊಕ್ಕಸಕ್ಕೆ ಕೂಲಿಯವನೂ ಧಣಿಯೂ ಎರಡಕ್ಕೂ ಸೇರದ ರೈತನೂ ತೆರಿಗೆ ತೆತ್ತಿರುತ್ತಾರೆ. ಹಾಗಾದರೆ ಮೊದಲು ಉಂಡ ಅನ್ನವು ಜೀರ್ಣವಾಗಿ ಹೋಯಿತೇ? ಅಥವಾ ಎರಡನೆಯ ಊಟವು ಮೊದಲನೆಯದರ ಮೇಲೆ ಬಂದು ಕುಳಿತ ಮಾತ್ರಕ್ಕೆ ಋಣವು ಇಮ್ಮಡಿಯಾಯಿತೇ?

ಈ ಜಿಜ್ಞಾಸೆಗೆ ನಿದರ್ಶನವನ್ನು ಹುಡುಕುತ್ತ ನಾವು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ರೈಲಿನಲ್ಲಿ ಹೊರಟರೆ ಒಂದು ಹೊತ್ತಿನ ಊಟದೊಳಗೆ ಮುಟ್ಟಬಹುದಾದ ಮಂಗಳೂರಿನ ಬಿಜೈಯವರೇ ಆದ ಜಾರ್ಜ್ ಫೆರ್ನಾಂಡಿಸ್ ಇದ್ದಾರೆ. 1930ನೆಯ ಇಸವಿ ಜೂನ್ 3ರಂದು ಹುಟ್ಟಿದ ಅವರು ಆರು ಮಂದಿ ಮಕ್ಕಳಲ್ಲಿ ಹಿರಿಯರು. ತಾಯ್ತಂದೆಗಳು ಹಿರಿಯ ಮಗನನ್ನು ಪಾದ್ರಿಯನ್ನಾಗಿ ಮಾಡಬೇಕೆಂದು ಹದಿನಾರರ ಪ್ರಾಯದಲ್ಲಿ ಬೆಂಗಳೂರಿನ ಸೆಮಿನರಿಗೆ ಕಳುಹಿಸಿದರು. ಅಲ್ಲಿ ಗುರುಗಳು ಎತ್ತರದ ಮೇಜಿನಲ್ಲಿ ಒಳ್ಳೆಯ ಊಟ ಮಾಡುವುದನ್ನೂ ವಿದ್ಯಾರ್ಥಿಗಳು ಕೆಳಗೆ ಬೇರೆಯದನ್ನು ಉಣ್ಣುವುದನ್ನೂ ಕಂಡು ಹುಡುಗನ ಮನಸ್ಸು ಕಹಿಯಾಯಿತು. ಬೋಧನೆಗೂ ನಡೆಗೂ ಇರುವ ಅಂತರವನ್ನು ತಾನು ಅಲ್ಲಿ ಕಂಡೆನೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ನಮ್ಮ ಭಾಷೆಯಲ್ಲಿ ಇದಕ್ಕೆ ಪಂಕ್ತಿಭೇದವೆನ್ನುತ್ತೇವೆ. ಇಂಥ ಭೇದವು ಒಂದೇ ಮತದವರ ಸೊತ್ತೆಂದು ಯಾರೂ ಎಣಿಸಬೇಕಾಗಿಲ್ಲ; ನಮ್ಮ ನಮ್ಮ ಮನೆಗಳ ಸಮಾರಾಧನೆಯ ಪಂಕ್ತಿಗಳನ್ನು ನೆನೆದುಕೊಂಡರೆ ಸಾಕು. ಗಮನಿಸತಕ್ಕುದು ಇಷ್ಟೇ: ಈ ಮನುಷ್ಯನ ಸಾರ್ವಜನಿಕ ಜೀವನವು ಯಾವುದೇ ಗ್ರಂಥದಿಂದಲ್ಲ, ಊಟದ ಮೇಜಿನಿಂದ ಆರಂಭವಾಯಿತು.

ಸೆಮಿನರಿಯನ್ನು ಬಿಟ್ಟು ಬಂದವನು ಮಂಗಳೂರಿನಲ್ಲಿ ಹೋಟೆಲುಗಳ ಮಾಣಿಗಳನ್ನೂ ಬಸ್ಸು ಲಾರಿಗಳ ಕೆಲಸಗಾರರನ್ನೂ ಸಂಘಟಿಸುವುದಕ್ಕೆ ತೊಡಗಿದನು. ಆಮೇಲೆ ಬೊಂಬಾಯಿ. ಅಲ್ಲಿ ಮೊದಲಲ್ಲಿ ಮಲಗಿದ್ದು ಚೌಪಾಟಿಯ ಬೆಂಚುಗಳ ಮೇಲೆ. ನಡುರಾತ್ರಿಯಲ್ಲಿ ಪೋಲೀಸಿನವನು ಎಬ್ಬಿಸಿ ಓಡಿಸುತ್ತಿದ್ದನು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ದೊರೆಯಿತು. ಬಂದರಿನ ಕಾರ್ಮಿಕರ ಧುರೀಣ ಪ್ಲಾಸಿಡ್ ಡಿಮೆಲ್ಲೊ ಅವರ ಸಂಪರ್ಕ, ರಾಮಮನೋಹರ ಲೋಹಿಯಾ ಅವರ ಪ್ರಭಾವ ಇವೆರಡೂ ಅವರನ್ನು ತಿದ್ದಿದವು. 1958ರಲ್ಲಿ ಡಿಮೆಲ್ಲೊ ತೀರಿಕೊಂಡ ಮೇಲೆ ಸಂಘಟನೆಯ ಹೊರೆ ಇವರ ಹೆಗಲಿಗೆ ಬಂತು. ಹಡಗುಕಟ್ಟೆಯ ಹಮಾಲರು, ಪೌರಸಭೆಯ ಜಾಡಮಾಲಿಗಳು, ಟ್ಯಾಕ್ಸಿ ಚಾಲಕರು, ಹೋಟೆಲು ಕೆಲಸದವರು, ಒಟ್ಟಿನಲ್ಲಿ ಬೊಂಬಾಯಿಯನ್ನು ಎತ್ತಿ ಇಳಿಸಿ ಗುಡಿಸಿ ಓಡಿಸಿ ಉಣಿಸುವವರೆಲ್ಲರೂ ಇವರ ಮಾತಿಗೆ ಕೈಕೆಲಸ ನಿಲ್ಲಿಸುತ್ತಿದ್ದರು. 1961ರಲ್ಲಿ ಅವರು ಬೊಂಬಾಯಿ ಪೌರಸಭೆಯ ಸದಸ್ಯರಾದರು. 1967ರಲ್ಲಿ ಆ ನಗರದ ಕಿರೀಟವಿಲ್ಲದ ಅರಸರೆನಿಸಿಕೊಂಡಿದ್ದ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು.

ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಕಾರ್ಮಿಕ ಧುರೀಣನ ಮಾತಿಗೆ ಬಲವೆಲ್ಲಿಂದ ಬರುತ್ತದೆ? ವಕೀಲನ ಮಾತಿಗೆ ಕಾನೂನಿನ ಬಲವಿದೆ, ಪಂಡಿತನ ಮಾತಿಗೆ ಶಾಸ್ತ್ರದ ಬಲವಿದೆ. ಸಂಘದ ಧುರೀಣನು ಧಣಿಯೆದುರು ಕುಳಿತು ಮೇಜನ್ನು ಕುಟ್ಟಿ ಮಾತಾಡುವಾಗ ಅವನ ಹಿಂದೆ ಇರುವುದು, ನಾಳೆ ಕೆಲಸಕ್ಕೆ ಹೋಗದೆ ಇರಲು ಒಪ್ಪಿಕೊಂಡ ಸಾವಿರಾರು ಮನೆಗಳ ಖಾಲಿ ಗಡಿಗೆ. ಆ ಮನೆಗಳವರು ಅವನಿಗೆ ಕೊಟ್ಟದ್ದು ತಿಂಗಳಿನ ವಂತಿಗೆ ಮಾತ್ರವಲ್ಲ. ತಮ್ಮ ಅಪಾಯವನ್ನು ಅವನ ಕೈಗೆ ಕಡವಾಗಿ ಕೊಟ್ಟಿದ್ದಾರೆ. ಅವನ ಮಾತು ಅವನ ಸ್ವಂತದ್ದಲ್ಲ, ಎರವಲಿನದು. ಅಧ್ಯಾಪಕರ ಸಂಘಟನೆಗೆ ವಂತಿಗೆ ಕೊಡುವ ನಾನೂ ಆ ಸಾಲಗಾರರಿಗೆ ಕಡಕೊಟ್ಟವರ ಸಾಲಿನಲ್ಲಿ ಒಬ್ಬನು. ಆದಕಾರಣ ಈ ವಿಷಯದಲ್ಲಿ ನನ್ನನ್ನು ಸಂಪೂರ್ಣ ತಟಸ್ಥನೆಂದು ವಾಚಕರು ಭಾವಿಸಬಾರದು.

ಆ ಕಡವು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ 1974ರ ರೈಲ್ವೆ ಮುಷ್ಕರವೇ ಸಾಕ್ಷಿ. ಜಾರ್ಜ್ ಆಗ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಶನ್ನಿನ ಅಧ್ಯಕ್ಷರು. ಎಂಟು ಗಂಟೆಗಳ ದುಡಿಮೆ, ಬೋನಸು, ಸರಕಾರದ ಇತರ ಉದ್ಯಮಗಳ ನೌಕರರಿಗೆ ಸಮನಾದ ಸಂಬಳ ಎಂಬಿವು ಮುಖ್ಯ ಬೇಡಿಕೆಗಳು. ಸಂಧಾನದ ಮಾತುಕತೆ ನಡೆಯುತ್ತಿರುವಾಗಲೇ ಮೇ 2ರ ರಾತ್ರಿ ಲಖನೌದಲ್ಲಿ ಅವರ ಬಂಧನವಾಯಿತು. ಮೇ 8ರಿಂದ ಮುಷ್ಕರ ಆರಂಭವಾಯಿತು. ಸುಮಾರು 17 ಲಕ್ಷ ನೌಕರರ ಹೋರಾಟವದು. ಇಪ್ಪತ್ತು ದಿನ ನಡೆಯಿತು. ಸಾವಿರಗಟ್ಟಲೆ ಜನ ಸೆರೆಮನೆ ಸೇರಿದರು, ಸಾವಿರಗಟ್ಟಲೆ ಜನ ಕೆಲಸ ಕಳೆದುಕೊಂಡರು. ರೈಲ್ವೆಯ ವಸತಿಗಳಿಂದ ಹೆಂಗಸರನ್ನೂ ಮಕ್ಕಳನ್ನೂ ಪಾತ್ರೆಪರಡಿಗಳ ಸಹಿತ ಬೀದಿಗೆ ಹಾಕಿದರು. ಬೇಡಿಕೆಗಳು ಈಡೇರದೆಯೇ ಮುಷ್ಕರ ನಿಂತಿತು.

ಧುರೀಣನು ಸೆರೆಯಲ್ಲಿದ್ದನು, ನಿಜ. ಆದರೆ ಸೆರೆಮನೆಯಲ್ಲಿ ಧುರೀಣನಿಗೆ ಕೀರ್ತಿ ಬೆಳೆಯುತ್ತದೆ. ಕೆಲಸ ಹೋದ ಗ್ಯಾಂಗ್‌ಮನ್ನಿನ ಮನೆಯಲ್ಲಿ ಬೆಳೆಯುವುದು ಅಂಗಡಿಯ ಸಾಲ ಮಾತ್ರ. ಇದು ಅವರ ತಪ್ಪೆಂದು ನಾನು ಹೇಳುತ್ತಿಲ್ಲ. ಒಬ್ಬನೇ ಕಷ್ಟವನ್ನು ಇಬ್ಬರು ಅನುಭವಿಸಿದಾಗಲೂ ಅದರ ಫಲವು ಇಬ್ಬರಿಗೂ ಒಂದೇ ಆಗಿರುವುದಿಲ್ಲವೆಂಬ ಈ ಅಂತರವೇ ನನ್ನ ದೃಷ್ಟಿಯಲ್ಲಿ ಧುರೀಣನ ಋಣದ ಮೂಲ. ಮುಷ್ಕರವು ಸೋತರೂ ಅವನು ಗೆಲ್ಲಬಲ್ಲನು. ಹಿಂಬಾಲಿಸಿದವರಿಗೆ ಆ ಅನುಕೂಲವಿಲ್ಲ.

ಇದೇ ಮುಷ್ಕರದ ದಿನಗಳಲ್ಲಿ ರಾಷ್ಟ್ರಪತಿ ಭವನದಲ್ಲಿ ಇದ್ದವರು ಯಾರು? ವರಾಹಗಿರಿ ವೆಂಕಟಗಿರಿ. ನಮ್ಮ ಕೇರಳಕ್ಕೂ ಅನಂತರ ಮೈಸೂರಿಗೂ ರಾಜ್ಯಪಾಲರಾಗಿದ್ದವರು. ಅದಕ್ಕಿಂತ ಮೊದಲು, 1928ರಲ್ಲಿ ಬಂಗಾಳ–ನಾಗಪುರ ರೈಲ್ವೆಯ ಕಾರ್ಮಿಕರ ಶಾಂತಿಯುತ ಮುಷ್ಕರವನ್ನು ನಡೆಸಿದವರು. ಜಾರ್ಜ್ ಅಧ್ಯಕ್ಷರಾಗಿದ್ದ ಆ ಫೆಡರೇಶನ್ನನ್ನು ಕಟ್ಟಿದವರಲ್ಲಿ ಒಬ್ಬರು, ಒಂದು ಕಾಲದಲ್ಲಿ ಅದರ ಅಧ್ಯಕ್ಷರು ಕೂಡ. ಕಟ್ಟಿದವನು ಭವನದಲ್ಲಿ, ನಡೆಸಿದವನು ಬಂದೀಖಾನೆಯಲ್ಲಿ. ಪೌರಾಣಿಕ ಕತೆಯಲ್ಲಿ ಇಂಥ ಸನ್ನಿವೇಶ ಬಂದರೆ ಕವಿಯು ಬೇಕೆಂದೇ ಹೆಣೆದನೆನ್ನುತ್ತಿದ್ದೆವು.

ಗಿರಿಯವರ ಹಿಂದಿನ ನಡೆಯೊಂದನ್ನು ಇಲ್ಲಿ ಸ್ಮರಿಸುವುದು ಉಚಿತ. 1952ರಲ್ಲಿ ಅವರು ಕೇಂದ್ರದ ಕಾರ್ಮಿಕ ಸಚಿವರಾದರು. ಬ್ಯಾಂಕು ನೌಕರರ ಸಂಬಳದ ವಿಷಯದಲ್ಲಿ ನ್ಯಾಯಮಂಡಳಿಯು ಕೊಟ್ಟ ತೀರ್ಪನ್ನು ಸರಕಾರವು ನೌಕರರಿಗೆ ಪ್ರತಿಕೂಲವಾಗಿ ಮಾರ್ಪಡಿಸಿದಾಗ, 1954ರಲ್ಲಿ ಅವರು ರಾಜೀನಾಮೆಯಿತ್ತು ಹೊರಬಂದರು. ಸರಕಾರವು ಬೀಳಲಿಲ್ಲ, ಪಕ್ಷವು ಒಡೆಯಲಿಲ್ಲ; ಹೋದದ್ದು ಅವರ ಪದವಿ ಮಾತ್ರ. ತಾನು ನಡುವೆ ನಿಂತು ಕೊಟ್ಟ ಮಾತು ಮುರಿದುಬಿದ್ದಿತು, ಆದುದರಿಂದ ಆ ಕುರ್ಚಿಯಲ್ಲಿ ತಾನು ಕುಳಿತಿರಲಾಗದು ಎಂಬಷ್ಟೇ ಅದರ ಅರ್ಥ. ಅದೇ ಗಿರಿಯವರು ಇಪ್ಪತ್ತು ವರ್ಷಗಳ ಅನಂತರ ರಾಷ್ಟ್ರಪತಿಗಳಾಗಿದ್ದಾಗ ಈ ಮುಷ್ಕರ ಮುರಿಯಿತು. ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವನು, ಅವನ ಕೈ ಕಟ್ಟಿರುತ್ತದೆ ಎನ್ನಬಹುದು. ಆದರೆ ಎತ್ತರಕ್ಕೆ ಏರಿದಷ್ಟೂ ಕೈ ಕಟ್ಟುವುದಾದರೆ, ಏರುವಾಗಲೇ ಅದನ್ನು ತಿಳಿದಿರಬೇಕಾದುದಲ್ಲವೇ? ಪ್ರಾಥಮಿಕ ಶಾಲೆಯಲ್ಲಿ ಇದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಮಕ್ಕಳು ತಮ್ಮೊಳಗಿಂದ ಒಬ್ಬನನ್ನು ತರಗತಿಯ ನಾಯಕನನ್ನಾಗಿ ಆರಿಸುತ್ತಾರೆ. ಎಂಟು ದಿನಗಳೊಳಗೆ ಅವನು ಮಾತಾಡಿದವರ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದು ಅಧ್ಯಾಪಕರಿಗೆ ತೋರಿಸಲು ಕಾದು ನಿಂತಿರುತ್ತಾನೆ. ಅವನನ್ನು ಕೆಟ್ಟವನೆನ್ನಲಾಗದು, ನಿಂತ ಜಾಗವು ಬದಲಾದಾಗ ಮುಖ ತಿರುಗುವ ದಿಕ್ಕೂ ಬದಲಾಗುತ್ತದೆ.

ತುರ್ತುಪರಿಸ್ಥಿತಿಯ ಕತೆ ಎಲ್ಲರಿಗೂ ತಿಳಿದದ್ದು. 1975ರ ಜೂನಿನಿಂದ ಜಾರ್ಜ್ ವೇಷ ಮರೆಸಿಕೊಂಡು ಭೂಗತರಾಗಿದ್ದರು. 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಸಿಕ್ಕಿದರು. ಬರೋಡ ಡೈನಮೈಟ್ ಮೊಕದ್ದಮೆ ಹೂಡಲ್ಪಟ್ಟಿತು. ಸ್ಫೋಟಕದ ಮಾರ್ಗವು ಧರ್ಮಸಮ್ಮತವೇ ಎಂಬುದು ಬೇರೆಯೇ ಲೇಖನಕ್ಕೆ ಸಲ್ಲುವ ವಿಷಯ. ಇಲ್ಲಿ ಬೇಕಾದುದು ಇನ್ನೊಂದು. ಅವರ ಅಡಗುದಾಣವನ್ನು ಬಾಯಿಬಿಡಿಸುವುದಕ್ಕಾಗಿ ತಮ್ಮನಾದ ಲಾರೆನ್ಸರನ್ನು ಬೆಂಗಳೂರಿನಲ್ಲಿ ಪೋಲೀಸರು ಹಿಡಿದು ಅಮಾನುಷವಾಗಿ ಹಿಂಸಿಸಿದರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರು ಬಲ್ಲ ಸ್ನೇಹಲತಾ ರೆಡ್ಡಿಯವರು ಜಾರ್ಜರ ಸ್ನೇಹದ ಕಾರಣದಿಂದ ಬೆಂಗಳೂರಿನ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇವರಿಬ್ಬರೂ ವಂತಿಗೆ ಕೊಟ್ಟ ಸದಸ್ಯರಲ್ಲ. ಇಂಥವರ ಋಣವನ್ನು ಯಾವ ಬೇಡಿಕೆಯ ಪಟ್ಟಿಯಲ್ಲಿ ಬರೆಯುವುದು?

ಆ ವರ್ಷದ ಮಾರ್ಚಿಯಲ್ಲಿ ಬಿಹಾರದ ಮುಜಫರಪುರದ ಮತದಾರರು ಸೆರೆಯಲ್ಲಿದ್ದ ಈ ಮಂಗಳೂರಿನವರನ್ನು, ಪ್ರಚಾರಕ್ಕೂ ಬರಲಾಗದವರನ್ನು, ಮೂರು ಲಕ್ಷಕ್ಕೂ ಮಿಕ್ಕ ಮತಗಳ ಅಂತರದಿಂದ ಗೆಲ್ಲಿಸಿದರು. ಸೆರೆಯಾಳು ಮಂತ್ರಿಯಾದನು. ಕೈಗಾರಿಕಾ ಸಚಿವರಾಗಿ ಅವರು ಮಾಡಿದುದರಲ್ಲಿ ಜನರು ನೆನಪಿಟ್ಟುಕೊಂಡದ್ದು, ವಿದೇಶೀ ಬಂಡವಾಳದ ಪಾಲನ್ನು ತಗ್ಗಿಸಬೇಕೆಂಬ ಕಾನೂನಿಗೆ ಬಗ್ಗದ ಕೋಕಾ ಕೋಲ, ಐ. ಬಿ. ಎಂ. ಕಂಪೆನಿಗಳು ದೇಶ ಬಿಟ್ಟ ಸಂಗತಿಯನ್ನು. ಆದರೆ 1974ರಲ್ಲಿ ಕೆಲಸ ಕಳೆದುಕೊಂಡ ರೈಲ್ವೆಯವರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡವರು ಅದೇ ಸರಕಾರದ ರೈಲ್ವೆ ಸಚಿವ ಮಧು ದಂಡವತೆ. ಬೋನಸಿನ ಬೇಡಿಕೆಯೂ 1979ರಲ್ಲಿ, ಉತ್ಪಾದನೆಗೆ ಹೊಂದಿಸಿದ ಬೋನಸೆಂಬ ರೂಪದಲ್ಲಿ, ಈಡೇರಿತು. ಸಾಲ ಮಾಡಿದವನೊಬ್ಬ, ತೀರಿಸಿದವನು ಅವನ ಜತೆಯವನು. ಕಡಕೊಟ್ಟವನಿಗೆ ಹಣ ಮುಟ್ಟಿದರೆ ಯಾವ ಕೈಯಿಂದ ಬಂತೆಂದು ಕೇಳುವ ಅಗತ್ಯವಿಲ್ಲವೆಂದು ನನಗೆ ತೋರುತ್ತದೆ. ಧುರೀಣನು ರಾಜಕಾರಣಕ್ಕೆ ಹೋಗಲೇಬಾರದೆಂದು ವಾದಿಸುವವರು ಈ ಒಂದು ಸಂಗತಿಯನ್ನು ಮರೆಯಬಾರದು. ಸೆರೆಮನೆಯ ಕಂಬಿಯ ಹಿಂದಿನಿಂದ ಗ್ಯಾಂಗ್‌ಮನ್ನಿಗೆ ಕೆಲಸ ಮರಳಿ ಕೊಡಿಸಲು ಸಾಧ್ಯವಾಗಿರಲಿಲ್ಲ.

ಇನ್ನು 1979ರ ಜುಲೈ. ಮೊರಾರ್ಜಿ ದೇಸಾಯಿಯವರ ಸರಕಾರದ ಮೇಲೆ ಅವಿಶ್ವಾಸದ ನಿರ್ಣಯ ಬಂದಾಗ ಲೋಕಸಭೆಯಲ್ಲಿ ಎದ್ದುನಿಂತು ಸರಕಾರವನ್ನು ಅತ್ಯಂತ ಸಮರ್ಥವಾಗಿ ಸಮರ್ಥಿಸಿದವರು ಜಾರ್ಜ್. ಕೆಲವೇ ದಿನಗಳಲ್ಲಿ ರಾಜೀನಾಮೆಯಿತ್ತು ಎದುರಿನ ಗುಂಪನ್ನು ಸೇರಿದವರೂ ಅವರೇ. ಹಳೆಯ ಸಮಾಜವಾದಿ ಮಿತ್ರರ ಒತ್ತಾಯವಿತ್ತು. ಜನಸಂಘದಿಂದ ಬಂದವರು ರಾಷ್ಟ್ರೀಯ ಸ್ವಯಂಸೇವಕ ಸಂಘದ ನಂಟನ್ನು ಇಟ್ಟುಕೊಂಡಿರಬಹುದೇ ಎಂಬ ತತ್ತ್ವದ ಪ್ರಶ್ನೆಯೂ ಇತ್ತು. ಆದರೂ ಗಿರಿಯವರ ರಾಜೀನಾಮೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದಾಗ ಮನಸ್ಸು ಮುದುಡುತ್ತದೆ. ಬ್ಯಾಂಕಿನ ಗುಮಾಸ್ತನು 1954ರಲ್ಲಿ ಪತ್ರಿಕೆಯನ್ನು ಓದಿ, ಈ ಮನುಷ್ಯನು ನನ್ನ ಸಲುವಾಗಿ ಹೊರಬಂದನು ಎಂದುಕೊಳ್ಳಬಹುದಿತ್ತು. 1979ರಲ್ಲಿ ಬೊಂಬಾಯಿಯ ಹಮಾಲನಾಗಲಿ ಮುಜಫರಪುರದ ರೈತನಾಗಲಿ ಹಾಗೆ ಎಂದುಕೊಳ್ಳಲು ಎಡೆಯಿತ್ತೇ? ಅಭಿಪ್ರಾಯವು ಬದಲಾದುದು ದೋಷವಲ್ಲ, ಮನುಷ್ಯನಾದವನು ಬದಲಾಗುತ್ತಾನೆ. ಎರವಲು ಮಾತನ್ನು ಆಡುವವನು ಅದನ್ನು ತಿರುಗಿಸುವ ಮೊದಲು ಎರವಲಿತ್ತವರ ಮುಂದೆ ಹೋಗಿ ನಿಲ್ಲಬೇಕಾಗಿತ್ತು. ಸಂಘದಲ್ಲಿ ಹಾಗೆ ಮಾಡದೆ ಗತ್ಯಂತರವಿಲ್ಲ. ಒಪ್ಪಂದಕ್ಕೆ ರುಜು ಹಾಕುವ ಮೊದಲು ಹೆಬ್ಬಾಗಿಲ ಸಭೆಯಲ್ಲಿ ಕಾರಣ ಹೇಳದಿದ್ದರೆ ಮರುದಿನ ಅವನ ಮಾತನ್ನು ಯಾರೂ ಕೇಳುವುದಿಲ್ಲ. ಲೋಕಸಭೆಗೆ ಅಂಥ ಹೆಬ್ಬಾಗಿಲಿಲ್ಲ, ಮತದಾರರ ಮುಂದೆ ನಿಲ್ಲಬೇಕಾದುದು ಚುನಾವಣೆ ಬಂದಾಗ. ಅಷ್ಟರೊಳಗೆ ಎಷ್ಟೋ ಸಂಗತಿಗಳು ಹಳತಾಗಿರುತ್ತವೆ.

ಜಾರ್ಜರ ಅಭಿಮಾನಿಗಳು ಈ ಹಂತದಲ್ಲಿ ಅವರ ಸರಳ ಜೀವನವನ್ನು ಮುಂದಿಡುತ್ತಾರೆ. ಮಂತ್ರಿಯಾಗಿದ್ದಾಗಲೂ ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳುತ್ತಿದ್ದರು, ದಿಲ್ಲಿಯ ಅವರ ಬಂಗಲೆಗೆ ಗೇಟು ಕೂಡ ಇರಲಿಲ್ಲ. ಇವೆಲ್ಲವೂ ನಿಜ, ಇವೆಲ್ಲವೂ ಗೌರವಾರ್ಹ. ಸೆಮಿನರಿಯ ಪಂಕ್ತಿಭೇದವನ್ನು ಕಂಡು ಎದ್ದುಬಂದ ಹುಡುಗನು ಎತ್ತರದ ಮೇಜಿನಲ್ಲಿ ಕುಳಿತ ಮೇಲೂ ತನ್ನ ನಾಲಗೆಯನ್ನು ಕೆಡಿಸಿಕೊಳ್ಳಲಿಲ್ಲ. ಆದರೆ ಸರಳತೆಯು ತನಗೆ ತಾನು ತೀರಿಸುವ ಋಣ. ಸಾಲಗಾರನೊಬ್ಬನು ತಾನು ಗಂಜಿ ಮಾತ್ರ ಕುಡಿಯುತ್ತೇನೆಂದರೆ ಅವನ ಶೀಲದ ವಿಷಯ ತಿಳಿಯುತ್ತದೆಯೇ ಹೊರತು ಸಾಲ ಸಂದಾಯವಾಯಿತೆಂದು ಆಗುವುದಿಲ್ಲ. ನಮ್ಮ ದೇಶದಲ್ಲಿ ಖಾದಿಯ ಶುಭ್ರತೆಯನ್ನು ಕಂಡೊಡನೆ ಲೆಕ್ಕದ ಪುಸ್ತಕವನ್ನು ಮುಚ್ಚಿಬಿಡುವ ಅಭ್ಯಾಸವಿದೆ. ಇದರಿಂದ ಖಾದಿಗೂ ಒಳಿತಾಗಲಿಲ್ಲ.

ಸರಳತೆಗಿಂತ ಹೆಚ್ಚು ಬೆಲೆಯುಳ್ಳದ್ದೆಂದು ನಾನು ತಿಳಿಯುವ ಘಟನೆ ಬೇರೊಂದಿದೆ. 1998ರಲ್ಲಿ ರಕ್ಷಣಾ ಸಚಿವರಾದ ಮೇಲೆ ಅವರು ಸಿಯಾಚಿನ್ ಹಿಮನದಿಯ ಕಾವಲು ಠಾಣೆಗಳಿಗೆ ಮತ್ತೆ ಮತ್ತೆ ಹೋಗುತ್ತಿದ್ದರು. ಅಲ್ಲಿಯ ಸೈನಿಕರಿಗೆ ಬೇಕಾದ ಹಿಮವಾಹನಗಳ ಕಾಗದಪತ್ರವು ದಿಲ್ಲಿಯ ಕಚೇರಿಯಲ್ಲಿ ಕೊಳೆಯುತ್ತಿದೆಯೆಂದು ತಿಳಿದಾಗ, ಆ ಕಡತವನ್ನು ತಡೆದಿದ್ದ ಅಧಿಕಾರಿಗಳನ್ನೇ ಸಿಯಾಚಿನ್ನಿಗೆ ಕಳುಹಿಸಿದರು. ಇದು ಮಂತ್ರಿಯ ಬುದ್ಧಿಯಲ್ಲ, ಬಂದರಿನ ಸಂಘದವನ ಬುದ್ಧಿ. ಮೂಟೆಯ ತೂಕದ ವಿಷಯವಾಗಿ ತೀರ್ಮಾನಿಸುವವನು ಒಮ್ಮೆ ಮೂಟೆ ಹೊರಲಿ ಎಂಬ ಹಳೆಯ ಹಟ. ಹಮಾಲರ ಋಣವು ಇಲ್ಲಿ ಸೈನಿಕರಿಗೆ ಸಂದಿತು ಎನ್ನಬೇಕು.

ಸಂಘದಿಂದ ಅವರು ತಂದ ಇನ್ನೊಂದು ಅಭ್ಯಾಸವು ಮಾತ್ರ ಅಷ್ಟು ಒಳ್ಳೆಯ ಫಲವನ್ನು ಕೊಡಲಿಲ್ಲ. ಒಗ್ಗಟ್ಟನ್ನು ಮುರಿಯಬಾರದು ಎಂಬುದು ಸಂಘದ ಮೊದಲನೆಯ ಪಾಠ. ಮುಷ್ಕರದ ನಡುವೆ ಜತೆಗಾರನ ತಪ್ಪನ್ನು ಹೊರಗಿನವರ ಮುಂದೆ ಆಡತಕ್ಕುದಲ್ಲ. 1994ರಲ್ಲಿ ನಿತೀಶ್ ಕುಮಾರರೊಡನೆ ಸಮತಾ ಪಕ್ಷವನ್ನು ಕಟ್ಟಿ, ಅನಂತರ ಭಾರತೀಯ ಜನತಾ ಪಕ್ಷದೊಡನೆ ಕೈಜೋಡಿಸಿದ ಜಾರ್ಜ್, ಆ ಮೈತ್ರಿಕೂಟದ ಸಂಚಾಲಕರೂ ಆದರು. 1979ರಲ್ಲಿ ಯಾರ ನಂಟನ್ನು ಸಹಿಸಲಾಗದೆಂದು ಸರಕಾರವೊಂದು ಒಡೆಯಿತೋ ಅವರೇ ಈಗ ಪಂಕ್ತಿಯ ಸಹಭೋಜಿಗಳು. 2002ರಲ್ಲಿ ಗುಜರಾತಿನ ಹತ್ಯಾಕಾಂಡದ ಮೇಲೆ ಲೋಕಸಭೆಯಲ್ಲಿ ಚರ್ಚೆ ನಡೆದಾಗ ಅವರು ಎದ್ದುನಿಂತದ್ದು ಸರಕಾರದ ಸಮರ್ಥನೆಗೆ. ಹಳೆಯ ಒಡನಾಡಿಗಳು ಅನೇಕರು ಅಂದು ಅವರಿಂದ ಮನಸ್ಸಿನಲ್ಲಿ ದೂರವಾದರು. ಹಮಾಲರ ಒಗ್ಗಟ್ಟು ದುರ್ಬಲರ ಒಗ್ಗಟ್ಟು. ಅದಿಲ್ಲದೆ ಅವರಿಗೆ ಬೇರೆ ಆಯುಧವಿಲ್ಲ. ಅಧಿಕಾರದಲ್ಲಿರುವವರ ಒಗ್ಗಟ್ಟು ಹಾಗಲ್ಲ. ಒಂದೆಡೆ ಸದ್ಗುಣವಾಗಿದ್ದುದನ್ನು ಇನ್ನೊಂದೆಡೆಗೆ ಹೊತ್ತೊಯ್ದಾಗ ಅದು ಯಾರನ್ನು ಮರೆಮಾಡುತ್ತದೆ ಎಂದು ನೋಡಬೇಕಾಗಿತ್ತು. ಕರ್ಣನ ದುರಂತವೂ ಇದೇ ಜಾತಿಯದು ಎಂದು ಯಾರಾದರೂ ಹೇಳಿದರೆ ನಾನು ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ನನ್ನ ಆಕ್ಷೇಪವುಂಟು. ಕರ್ಣನು ಮೊದಲು ಉಣಿಸಿದವನನ್ನು ಬಿಡಲಿಲ್ಲ. ಇವರು ನಿಷ್ಠೆ ತೋರಿದ್ದು ಕೊನೆಗೆ ಉಣಿಸಿದವರಿಗೆ.

ಹೀಗೆ ಬರೆದ ಮೇಲೆ, ಕೊಂಕಣ ರೈಲ್ವೆಯ ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. 1989ರ ಕೊನೆಯಲ್ಲಿ ಜಾರ್ಜ್ ರೈಲ್ವೆ ಸಚಿವರಾದರು. ಅರ್ಥ ಸಚಿವರು ಅದೇ ಮಧು ದಂಡವತೆ. 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮವು ಸ್ಥಾಪನೆಯಾಯಿತು. ಮಹಾರಾಷ್ಟ್ರ, ಗೋವಾ, ಕರ್ನಾಟಕಗಳ ಜತೆಗೆ ನಮ್ಮ ಕೇರಳವೂ ಅದಕ್ಕೆ ಪಾಲು ಬಂಡವಾಳ ಹಾಕಿತು. ಇ. ಶ್ರೀಧರನ್ ಅವರ ಮೇಲ್ವಿಚಾರಣೆಯಲ್ಲಿ ಬೆಟ್ಟಗಳನ್ನು ಕೊರೆದು, ಹೊಳೆಗಳನ್ನು ದಾಟಿ, ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ 741 ಕಿಲೋಮೀಟರಿನ ಹಳಿ ಸಿದ್ಧವಾಗಿ 1998ರ ಜನವರಿ 26ರಂದು ಲೋಕಾರ್ಪಣೆಯಾಯಿತು. ಒಂದು ಕಾಲದಲ್ಲಿ ಬೊಂಬಾಯಿಯ ಹೋಟೆಲುಗಳಲ್ಲಿ ತಟ್ಟೆ ತೊಳೆಯಲು ಈ ಕರಾವಳಿಯಿಂದ ಹೊರಟ ಹುಡುಗರು ಹಡಗನ್ನೋ ಘಟ್ಟದ ಬಸ್ಸನ್ನೋ ಹಿಡಿದು, ಸುತ್ತುಬಳಸಿ ಹೋಗುತ್ತಿದ್ದ ದಾರಿ ಅದು. ಇದು ಯಾವ ಸಂಘದ ಬೇಡಿಕೆಯೂ ಆಗಿರಲಿಲ್ಲ. ವಂತಿಗೆ ಕೊಟ್ಟವರಿಗೂ ಕೊಡದವರಿಗೂ ರೈಲು ಒಂದೇ. ಮೊದಲಿನ ಪ್ರಶ್ನೆಗೆ, ಎಂದರೆ ಎರಡನೆಯ ಊಟದ ಋಣಕ್ಕೆ, ಅವರು ಕೊಟ್ಟ ಉತ್ತರಗಳಲ್ಲಿ ಇದು ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವ ಉತ್ತರ.

2009ರಲ್ಲಿ ಅವರ ದೇಹಾರೋಗ್ಯವು ಕೆಟ್ಟಿದೆಯೆಂದು ಪಕ್ಷವು ಮುಜಫರಪುರದ ಟಿಕೇಟನ್ನು ನಿರಾಕರಿಸಿತು. ಹಟ ಬಿಡದೆ ಪಕ್ಷೇತರರಾಗಿ ನಿಂತರು. 1977ರಲ್ಲಿ ಮುಖವನ್ನು ಕೂಡ ನೋಡದೆ ಗೆಲ್ಲಿಸಿದ್ದ ಊರು ಈ ಸಲ ಸೋಲಿಸಿತು. ಅನಂತರ ಅವರ ನೆನಪು ಕ್ರಮೇಣ ಅಳಿಸುತ್ತ ಹೋಯಿತು. ಹತ್ತು ಭಾಷೆಗಳನ್ನು ಬಲ್ಲ ಮನುಷ್ಯ. ಕೊಂಕಣಿ, ತುಳು, ಕನ್ನಡಗಳಿಂದ ಮೊದಲುಗೊಂಡು ಕಲಿತ ಆ ಭಾಷೆಗಳಲ್ಲಿ ಹಮಾಲರನ್ನೂ ಮಾಣಿಗಳನ್ನೂ ಅವರವರ ಮಾತಿನಲ್ಲಿಯೇ ಮಾತಾಡಿಸಿದವರು, ಕೊನೆಯ ವರ್ಷಗಳನ್ನು ದಿಲ್ಲಿಯಲ್ಲಿ ಮೌನವಾಗಿಯೇ ಕಳೆದು 2019ರ ಜನವರಿ 29ರಂದು ತೀರಿಕೊಂಡರು.